‘ನೀನ ಇಟ್ಕೋ ಬಸಣ್ಣ’: ಒಂದು ಊರಿನ ಪಾಸ್‌ವರ್ಡುಗಳು

ಈಚೆಗೆ ಲಿಂಗಸುಗೂರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಕಂಪ್ಯೂಟರ್ ಆಪರೇಟರುಗಳಿಗೆ ತರಬೇತಿ ಏರ್ಪಡಿಸಿದ್ದರು. ನಿವೃತ್ತಳಾದ ನನ್ನನ್ನೂ ಕರೆದಿದ್ದರು. ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡೇ ಕೇಳಿದಳು: “ಮೇಡಮ್ರ, ಈ ಕೆಲಸದಾಗ ಎಲ್ಲಕ್ಕಿಂತ ತ್ರಾಸು ಯಾವುದ್ರಿ?”

ವೈರಸ್ ಎಂದೋ, ಕರೆಂಟು ಎಂದೋ ನಾನು ಹೇಳುತ್ತೇನೆಂದು ಅವಳು ಕಾದಿದ್ದಳು. “ಮಂದಿ ಗುಟ್ಟು ಕಣ್ಣಿಗೆ ಬಿದ್ರ ಬಿದ್ದಿಲ್ಲ ಅಂತ ಇರಬೇಕು. ಅನ್ಯಾಯ ಕಣ್ಣಿಗೆ ಬಿದ್ರ ಮಾತ್ರ ಬಿದ್ದೈತಿ ಅಂತ ಹೇಳಬೇಕು. ಒಂದೊಂದು ದಿನ ಎರಡೂ ಒಂದ ಕಂಪ್ಯೂಟರಿನಾಗ ಇರ್ತಾವ ನೋಡು” ಎಂದೆ.

“ಅಂದ್ರ ಸಿಲೆಬಸ್‌ನಾಗ ಇಲ್ಲ ಬಿಡ್ರಿ” ಎಂದು ಅವಳು ನಕ್ಕಳು.

ಸಿಲೆಬಸ್ಸಿನಲ್ಲಿ ಇಲ್ಲದ್ದನ್ನು ಅವಳಿಗಾಗಿಯೂ ಅವಳ ಜೊತೆಯವರಿಗಾಗಿಯೂ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದು ಇದರಲ್ಲಿಲ್ಲ. ಸಿಂಧನೂರು, ಲಿಂಗಸುಗೂರು, ಆಮೇಲೆ ತಾಲೂಕಾದ ಮಸ್ಕಿ, ಈ ಮೂರು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತ ನಮ್ಮ ಇಲಾಖೆಯ ಕಚೇರಿಗಳ ಹಾಗೂ ಅದರ ಅಧೀನದ ಸೇವಾ ಕೇಂದ್ರಗಳ ಕಂಪ್ಯೂಟರುಗಳನ್ನು ನೋಡಿಕೊಂಡವಳು ನಾನು. ಯಂತ್ರ ಕೆಟ್ಟರೆ ಸರಿಪಡಿಸುವುದು, ಕಳೆದ ಮಾಹಿತಿಯನ್ನು ಹುಡುಕಿಕೊಡುವುದು ನನ್ನ ಕೆಲಸ. ಕೆಲಸವನ್ನು ನಾನು ಪ್ರೀತಿಸಿದೆ. ಆ ಕೆಲಸ ನನಗೆ ಕೊಟ್ಟ ಜನರನ್ನು ಇನ್ನೂ ಹೆಚ್ಚು ಪ್ರೀತಿಸಿದೆ. ಪ್ರೀತಿಸಿದೆನೆಂಬ ಕಾರಣಕ್ಕೆ ಅವರ ತಪ್ಪುಗಳನ್ನು ಮುಚ್ಚಿಡುವುದಿಲ್ಲ.

ನಾನು ಸೇರಿದ ಕಾಲದಲ್ಲಿ ಪಾಸ್‌ವರ್ಡ್ ಎಂಬುದು ಸಾಹೇಬರ ಮೇಜಿನ ಗಂಟೆಯಂತೆ ದರ್ಜೆಯ ಗುರುತಾಗಿತ್ತು. ಅದು ಇರುವುದು ಸಾಹೇಬರಿಗೆ, ಒತ್ತುವುದು ಆಪರೇಟರು. ಸಿಂಧನೂರಿನಲ್ಲಿ ನನ್ನ ಮೊದಲ ಮೇಲಧಿಕಾರಿ ದೊಡ್ಡ ಧ್ವನಿಯ, ದೊಡ್ಡ ಮನಸ್ಸಿನ ಮನುಷ್ಯರು. ತಮ್ಮ ಕೊಠಡಿಯಿಂದಲೇ ಕೂಗುತ್ತಿದ್ದರು:

“ಏ ಶಾಂತಾ, ನನ್ನ ಪಾಸ್‌ವರ್ಡ್ ಏನದ?”

“ಸರ್, ಅದನ್ನ ಜೋರಾಗಿ ಹೇಳಬಾರದ್ರಿ.”

“ಯಾಕ? ಇಲ್ಲಿ ಹೊರಗಿನವರು ಯಾರದಾರ?”

ಒಂದು ಸಲ ಕಿಟಕಿಯ ಆಚೆ ಸರದಿಯಲ್ಲಿ ನಿಂತಿದ್ದ ವಳಕಮದಿನ್ನಿಯ ರೈತನೊಬ್ಬ, ತಡವಾಗುತ್ತಿದೆಯೆಂಬ ಬೇಸರದಲ್ಲಿ, ನನ್ನ ಪರವಾಗಿ ತಾನೇ ಉತ್ತರ ಕೊಟ್ಟ: “ನಿಮ್ಮ ಮಗಳ ಹೆಸರ್ರಿ ಸಾಹೇಬ್ರ, ಮುಂದ ಒಂದು ಎರಡು ಮೂರು. ಲಗೂನ ಹಾಕ್ರಿ, ಬಸ್ ಹೋಗ್ತೈತಿ.”

ಎಲ್ಲರೂ ನಕ್ಕೆವು, ಸಾಹೇಬರೂ ನಕ್ಕರು. ಆದರೆ ಆ ಪದ್ಧತಿ ನಗುವಂಥದ್ದಲ್ಲ. ಅಧಿಕಾರ ಒಬ್ಬರದು, ಬೆರಳು ಇನ್ನೊಬ್ಬರದು. ತಪ್ಪು ಮಂಜೂರಾತಿ ಹೊರಬಿದ್ದ ದಿನ ನೋಟೀಸು ಬರುತ್ತಿದ್ದುದು ಬೆರಳಿಗೆ. ಗುತ್ತಿಗೆಯ ಮೇಲೆ ದುಡಿಯುತ್ತಿದ್ದ, ಹೆಚ್ಚಾಗಿ ಹೆಣ್ಣುಮಕ್ಕಳಾಗಿದ್ದ ಆಪರೇಟರುಗಳು ಹೀಗೆ ಕೆಲಸ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ಇದು ಶೋಷಣೆ. ಮೃದುವಾದ ಬೇರೆ ಹೆಸರು ನನಗೆ ಗೊತ್ತಿಲ್ಲ.

ಅದೇ ಪಾಸ್‌ವರ್ಡುಗಳು ನನಗೆ ಮನುಷ್ಯರ ಇನ್ನೊಂದು ಮುಖವನ್ನೂ ತೋರಿಸಿದವು. ಸದಾ ಸಿಡುಕುತ್ತಿದ್ದ ಹಿರಿಯ ಗುಮಾಸ್ತರೊಬ್ಬರ ಕಂಪ್ಯೂಟರು ಕೆಟ್ಟಾಗ ಅವರು ಕುಳಿತಲ್ಲೇ ಕೆಂಪಾಗಿ ತಮ್ಮ ಗುಪ್ತಪದವನ್ನು ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದರು. ಅದು ಅವರ ಹೆಂಡತಿಯ ಹೆಸರು. ಆ ತಾಯಿಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ಕಚೇರಿಯಲ್ಲಾಗಲಿ ಮನೆಯಲ್ಲಾಗಲಿ ಯಾರೂ ಕೇಳಿರಲಿಕ್ಕಿಲ್ಲ. ದಿನಕ್ಕೆ ಎಷ್ಟೋ ಸಲ ಬೆರಳಿನಿಂದ ಕರೆಯುತ್ತಿದ್ದರು. ಅವರು ಯಾರೆಂದು ನಾನು ಹೇಳುವುದಿಲ್ಲ. ಹುಡುಗರೇ, ಇದು ನಿಮ್ಮ ಮೊದಲ ಪಾಠ.

ಎರಡನೆಯದು ಅಳಿಸುವುದರ ಬಗ್ಗೆ. ಒಮ್ಮೆ ಇಲಾಖೆಯ ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಿದರು. “ಒಳಗಿನದೆಲ್ಲ ಡಿಲೀಟ್ ಮಾಡೀವಲ್ಲ” ಎಂದು ಮೇಲಿನವರು ಕೈ ತೊಳೆದುಕೊಂಡರು. ಡಿಲೀಟ್ ಮಾಡುವುದೆಂದರೆ ಮನೆಯ ಬಾಗಿಲಿನ ಮೇಲಿದ್ದ ಹೆಸರಿನ ಫಲಕವನ್ನು ಕಿತ್ತ ಹಾಗೆ. ಮನೆ ಖಾಲಿ ಎಂದು ಯಂತ್ರ ತಿಳಿಯುತ್ತದೆ. ಒಳಗಿನ ಮಂದಿ ಮಾತ್ರ, ಬೇರೊಬ್ಬರು ಬಂದು ಜಾಗ ಹಿಡಿಯುವವರೆಗೆ, ಇದ್ದಲ್ಲೇ ಇರುತ್ತಾರೆ. ಹೊಸ ಬಗೆಯ ಡಿಸ್ಕುಗಳಲ್ಲಿ ಅವರು ಬೇಗ ಜಾಗ ಬಿಡುವುದುಂಟು. ಹಳೆಯವುಗಳಲ್ಲಿ ಬಿಡುವುದಿಲ್ಲ. ಆ ಗುಜರಿ ಯಂತ್ರಗಳಲ್ಲಿ ಒಂಟಿ ಹೆಂಗಸರ ಹೆಸರು, ವಿಳಾಸ, ಕಾಯಿಲೆಯ ವಿವರಗಳಿದ್ದವು. ಬರವಣಿಗೆಯಲ್ಲಿ ತಕರಾರು ಕೊಟ್ಟು, ಎಲ್ಲವನ್ನೂ ವಾಪಸು ತರಿಸಿ, ಡಿಸ್ಕುಗಳೊಳಗಿನ ಮಾಹಿತಿಯನ್ನು ಪೂರ್ತಿಯಾಗಿ ಉಜ್ಜಿ ತೆಗೆಸಿದೆ. ಸಾಹೇಬರು ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಬಡವರ ಖಾಸಗಿ ಬದುಕಿಗೆ ಬೆಲೆಯಿಲ್ಲವೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಧೂಳಿಗಿಂತ ದಪ್ಪವಾಗಿ ಕುಳಿತಿದೆ.

ಮೂರನೆಯ ಪಾಠ ಹೇಳಲು ಮಸ್ಕಿಯ ಬಸಣ್ಣನವರ ಅಂಗಡಿಗೆ ಹೋಗಬೇಕು. ನನ್ನ ಸೇವೆ ಮುಗಿಯುತ್ತ ಬಂದಾಗ ನಡೆದ ಸಂಗತಿ.

ಬಸಣ್ಣನವರದು ಅಜ್ಜನ ಕಾಲದಿಂದ ಮಸ್ಕಿಯಲ್ಲಿ ಕಿರಾಣಿ ವ್ಯಾಪಾರ ಮಾಡಿಕೊಂಡು ಬಂದ ಶಿವಭಕ್ತರ ಮನೆತನ. ಅಂಗಡಿಯ ಅರ್ಧ ಭಾಗವನ್ನು ಅವರು ಸೇವಾ ಕೇಂದ್ರ ಮಾಡಿದ್ದರು. ಒಂದು ಬದಿಗೆ ಬೆಲ್ಲ, ಬೇಳೆ. ಇನ್ನೊಂದು ಬದಿಗೆ ಕಂಪ್ಯೂಟರು, ಪ್ರಿಂಟರು. ಹಣೆಯ ತುಂಬ ವಿಭೂತಿ, ಬಾಯಿತುಂಬ ಮಾತು. ಸುತ್ತಲ ಹಳ್ಳಿಗಳ ಜನ ಅರ್ಜಿ ಹಾಕಲು ಅಲ್ಲಿಗೇ ಬರುತ್ತಿದ್ದರು. ಓದಲು ಬಾರದವರನ್ನು ಅವರು ಒಂದು ದಿನವೂ ಗದರಿಸಿದ್ದಿಲ್ಲ. ಈ ಮಾತನ್ನು ನಾನು ಎಲ್ಲ ಕೇಂದ್ರಗಳ ಬಗ್ಗೆ ಹೇಳಲಾರೆ.

ಆದರೆ ಅಲ್ಲಿ ಒಂದು ರೂಢಿ ಬೇರೂರಿತ್ತು. ಯಾರದೇ ಖಾತೆ ತೆರೆದರೂ ಬಸಣ್ಣನವರದೇ ಫೋನ್ ನಂಬರು, ಎಲ್ಲರಿಗೂ ಒಂದೇ ಪಾಸ್‌ವರ್ಡು. ‘ಈ ಪಾಸ್‌ವರ್ಡನ್ನು ಉಳಿಸಬೇಕೆ?’ ಎಂದು ಬ್ರೌಸರ್ ಕೇಳಿದಾಗಲೆಲ್ಲ ‘ಹೌದು’. ಜನರೂ ಹಾಗೆಯೇ ಬಯಸುತ್ತಿದ್ದರು. “ನಮಗೆಲ್ಲಿ ನೆನಪಿರ್ತದ? ನೀನ ಇಟ್ಕೋ ಬಸಣ್ಣ” ಎಂದು ಹೇಳಿ ಬಸ್ಸು ಹತ್ತುತ್ತಿದ್ದರು. ಮನೆಯ ಕೀಲಿಕೈಯನ್ನು ಪಕ್ಕದ ಮನೆಗೆ ಕೊಟ್ಟು ಹೊಲಕ್ಕೆ ಹೋಗುವ ಜನರ ನಂಬಿಕೆ ಅದು. ಆ ನಂಬಿಕೆ ಸುಂದರವಾದದ್ದು. ಆದರೆ ಅದನ್ನು ವ್ಯವಸ್ಥೆಯಾಗಿ ಮಾಡಿಕೊಂಡದ್ದು ತಪ್ಪು.

ಗೌತಮಿ ಅಲ್ಲಿ ಆಪರೇಟರಾಗಿ ಸೇರಿದ್ದು ನಾನು ಕೊಟ್ಟ ತರಬೇತಿ ಮುಗಿಸಿದ ಮೇಲೆ. ಮಸ್ಕಿಯದೇ ಒಂದು ಬೌದ್ಧ ಕುಟುಂಬದ ಮಗಳು, ಪದವಿ ಮುಗಿಸಿದವಳು. ಬಂದ ಕೂಡಲೇ ಒಬ್ಬೊಬ್ಬರ ಖಾತೆಗೂ ಬೇರೆಬೇರೆ ಪಾಸ್‌ವರ್ಡು ಮಾಡಿದಳು. ಅದನ್ನು ಅವರವರಿಗೆ ಕಲಿಸಲೂ ಯತ್ನಿಸಿದಳು. ಜನ ಕೈಮುಗಿದು “ನೀನ ಇಟ್ಕೋ ತಂಗಿ” ಎಂದರು. ಹಾಗಾಗಿ ಅವೆಲ್ಲ ಆ ಒಂದೇ ಬ್ರೌಸರಿನಲ್ಲಿ ಉಳಿದವು.

ಮಧ್ಯಾಹ್ನ ಬಸಣ್ಣನವರು ಊಟಕ್ಕೆ ಹೋದಾಗ ಅವರ ಅಣ್ಣನ ಮಗ ಶರಣು ಗೆಳೆಯರೊಂದಿಗೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಹುಡುಗಿಯರ ಅರ್ಜಿಗಳನ್ನು ತೆರೆದು ನೋಡುತ್ತಾರೆಂದು ಗೌತಮಿಗೆ ಅನುಮಾನ ಬಂತು. ಅವಳು ಕಂಪ್ಯೂಟರಿನ ಲಾಗಿನ್‌ಗೇ ಒಂದು ಪಾಸ್‌ವರ್ಡ್ ಇಟ್ಟು, ಊಟಕ್ಕೆ ಏಳುವಾಗಲೆಲ್ಲ ಬೀಗ ಹಾಕತೊಡಗಿದಳು. ಆ ಮೇಲಿನ ಜಗಳವನ್ನು ಬಸಣ್ಣನವರು, ಗೌತಮಿ ಇಬ್ಬರೂ ನನಗೆ ಬೇರೆಬೇರೆಯಾಗಿ ಹೇಳಿದ್ದಾರೆ. ಮಾತುಗಳು ಎರಡು ಕಡೆಯೂ ಒಂದೇ ಇದ್ದವು.

“ನನ್ನ ಅಂಗಡಿ, ನನ್ನ ಕಂಪ್ಯೂಟರು. ನನಗ ಬೀಗ ಹಾಕ್ತೀ ಏನಬೇ?”

“ನಿಮಗಲ್ರಿ ಕಾಕಾ. ಶರಣೂಗ.”

“ಅವ ಮನಿ ಹುಡುಗ.”

“ಅಂದ್ರ ನಾ ಹೊರಗಿನಾಕಿ. ಹಂಗ ನೇರ ಹೇಳಿಬಿಡ್ರಿ.”

ಅವಳು ಚೀಲ ಎತ್ತಿಕೊಂಡು ಹೊರಟುಹೋದಳು. ಲಾಗಿನ್ ಪದವನ್ನು ಅವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಸಣ್ಣನವರು ಸಿಂಧನೂರಿನಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ಪೆನ್‌ಡ್ರೈವ್ ಹಾಕಿ ಬೀಗವನ್ನು ಕಿತ್ತು ಹೊಸ ಪದ ಕೂಡಿಸಿದ. ಕೀಬೋರ್ಡು ಹಳತಾಗಿದೆಯೆಂದು ಅದನ್ನೂ ಬದಲಿಸಿ ಹೋದ. ಕಂಪ್ಯೂಟರು ತೆರೆಯಿತು. ಉಳಿಸಿಟ್ಟಿದ್ದ ಒಂದು ಪಾಸ್‌ವರ್ಡೂ ತೆರೆಯಲಿಲ್ಲ.

ಬಸಣ್ಣನವರು ಫೋನ್ ಮಾಡಿದಾಗ ಅವರ ಧ್ವನಿಯೇ ಇಳಿದಿತ್ತು. “ಮೇಡಮ್ರ, ಜರಾ ಬಂದು ಹೋಗ್ರಿ. ಸಂತೆಕಲ್ಲೂರಿನ ಒಂದು ಹುಡುಗಿ ಸೀಟು ಹೋಗೋ ವ್ಯಾಳ್ಯಾ ಬಂದೈತಿ.”

ಹೋದಾಗ ಅಂಗಡಿಯ ಕಟ್ಟೆಯ ಮೇಲೆ ಹುಲಿಗೆಮ್ಮ ಮತ್ತು ಅವಳ ತಾಯಿ ಯಂಕಮ್ಮ ಕುಳಿತಿದ್ದರು. ಹುಲಿಗೆಮ್ಮ ಪಿಯುಸಿ ಮುಗಿಸಿದ್ದಳು. ರಾಯಚೂರಿನ ನರ್ಸಿಂಗ್ ಕಾಲೇಜೊಂದರ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಮರುದಿನ ಸಂಜೆ ಐದರೊಳಗೆ ತನ್ನ ಖಾತೆಗೆ ಹೋಗಿ ‘ಒಪ್ಪಿದ್ದೇನೆ’ ಎಂದು ಒತ್ತದಿದ್ದರೆ ಸೀಟು ಮುಂದಿನವರಿಗೆ. ಖಾತೆಯ ಪಾಸ್‌ವರ್ಡು ಆ ಬ್ರೌಸರಿನಲ್ಲಿ. ಹೊಸದನ್ನು ಕೇಳಿದರೆ ಒಟಿಪಿ ಸಂಖ್ಯೆ ಬರುವುದು ಬಸಣ್ಣನವರ ಹಳೆಯ ಫೋನಿಗೆ. ಆ ಸಿಮ್ಮನ್ನು ಅವರು ಈಚೆಗಷ್ಟೇ ಬಿಟ್ಟಿದ್ದರು. ಸಹಾಯವಾಣಿಯವರು ಬೆಂಗಳೂರಿಗೆ ಖುದ್ದಾಗಿ ಬಂದು ದಾಖಲೆ ತೋರಿಸಿರಿ, ಪರಿಶೀಲನೆಗೆ ಒಂದು ವಾರ ಎಂದಿದ್ದರು.

ಯಂಕಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. “ಆ ಹುಡುಗಿ ಗೌತಮಿ ನನ್ನ ಮಗಳಿಗಿ ಪಾಸ್‌ವರ್ಡು ಕಲಸಾಕ ಬಂದಿದ್ಲ್ರಿ ಯವ್ವಾ. ನಾನ ಬ್ಯಾಡ ಅಂದೆ. ನಮ್ಮ ಕಡೆ ಇದ್ರ ಕಳೀತೈತಿ, ಬಸಣ್ಣನ ಕಡೆ ಇರ್ಲಿ ಅಂದೆ.”

“ನೀ ಸುಮ್ಕಿರಬೇ” ಎಂದಳು ಹುಲಿಗೆಮ್ಮ. ಅಳು ಬರದಂತೆ ಅವಳು ಪ್ರಿಂಟರಿನ ಕಡೆಗೇ ನೋಡುತ್ತಿದ್ದಳು.

ಇಲ್ಲಿ ಒಂದು ವಿಷಯವನ್ನು ನೀವು ಸ್ಪಷ್ಟವಾಗಿ ತಿಳಿಯಬೇಕು. ಸರಿಯಾಗಿ ಕಟ್ಟಿದ ಯಾವ ಜಾಲತಾಣವೂ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಇಟ್ಟುಕೊಳ್ಳುವುದಿಲ್ಲ. ಬೀಸಿ ಹಿಟ್ಟು ಮಾಡಿ ಇಡುತ್ತದೆ. ನೀವು ಪ್ರತಿ ಸಲ ಕಾಳು ತಂದಾಗ ಅದನ್ನೂ ಬೀಸಿ, ಹಿಟ್ಟಿಗೆ ಹಿಟ್ಟು ಹೋಲಿಸುತ್ತದೆ. ಹಿಟ್ಟಿನಿಂದ ಜೋಳ ತಿರುಗಿ ಬರುವುದಿಲ್ಲವಾದ್ದರಿಂದ ಅಲ್ಲಿನವರೂ ನಿಮ್ಮ ಪದವನ್ನು ನಿಮಗೆ ಹೇಳಲಾರರು. ಬ್ರೌಸರಿನ ಪಾಡು ಬೇರೆ. ಅದು ನಿಮ್ಮ ಪರವಾಗಿ ಕಾಳನ್ನೇ ಒಯ್ದು ಕೊಡಬೇಕು. ಆದ್ದರಿಂದ ಕಾಳನ್ನೇ ಇಡಬೇಕು. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಜೋಳವನ್ನು ಮುಚ್ಚಿಡುತ್ತಿದ್ದಂತೆ ಅದು ಪದಗಳನ್ನು ಮುಚ್ಚಿಡುತ್ತದೆ. ಆ ಹಗೇವಿನ ಕೀಲಿ ಸಿದ್ಧವಾಗುವುದು ಕಂಪ್ಯೂಟರಿನ ಲಾಗಿನ್ ಪದದಿಂದ. ನೀವೇ ಹಳೆಯ ಪದ ಕೊಟ್ಟು ಹೊಸದಕ್ಕೆ ಬದಲಿಸಿದರೆ ಯಂತ್ರ ಕೀಲಿಯನ್ನೂ ಬದಲಿಸಿಕೊಳ್ಳುತ್ತದೆ. ಹೊರಗಿನಿಂದ ಬಲವಂತವಾಗಿ ಕಿತ್ತರೆ ಮನೆಯ ಬಾಗಿಲು ತೆರೆಯುತ್ತದೆ, ಹಗೇವು ಮುಚ್ಚಿಯೇ ಇರುತ್ತದೆ. ಹಳೆಯ ಪದವನ್ನೇ ಮತ್ತೆ ಕೂಡಿಸಿದರೆ ಹೆಚ್ಚಾಗಿ ಅದು ತೆರೆದುಕೊಳ್ಳುತ್ತದೆ. ಅಂಥ ಬೀಗವನ್ನು ಇದ್ದಕ್ಕಿದ್ದಂತೆ ಒಡೆಯುವಂತೆ ಯಾರು ಹೇಳಿದರೂ ಒಡೆಯಬೇಡಿರಿ.

“ಫಾರ್ಮ್ಯಾಟ್ ಹೊಡ್ದು ಹೊಸದಾಗಿ ಹಾಕಿದ್ರ ಬರ್ತಾವೇನ್ರಿ?” ಎಂದು ಬಸಣ್ಣ ಕೇಳಿದರು.

“ಫಾರ್ಮ್ಯಾಟ್ ಅಂತ ಇನ್ನೊಮ್ಮೆ ಅನ್ನಬ್ಯಾಡ್ರಿ ಬಸಣ್ಣಾರ” ಎಂದೆ.

ಯಾವುದನ್ನೂ ಮುಟ್ಟುವ ಮುಂಚೆ ಡಿಸ್ಕಿನ ಪೂರ್ಣ ನಕಲು ತೆಗೆಯುವುದು ನನ್ನ ಪದ್ಧತಿ. ನಕಲಿನಲ್ಲಿ ಅಳಿಸಿದ ಕಡತಗಳ ಹೆಸರುಗಳೂ ಬಂದವು. ಆಗ ಅದು ಕಂಡಿತು: ಅಳಿಸಿ ಹಾಕಿದ ಒಂದು ಫೋಲ್ಡರು, ತುಂಬ ಫೋಟೋಗಳು. ಅರ್ಜಿಗೆ ಹಚ್ಚಿದ ಫೋಟೋಗಳು. ಹುಡುಗಿಯರವು ಮಾತ್ರ. ಪ್ರತಿ ಫೋಟೋಕ್ಕೂ ಹುಡುಗಿಯ ಹೆಸರು, ಪಕ್ಕದಲ್ಲಿ ಅರ್ಜಿಯೊಳಗೆ ಬರೆದಿದ್ದ ಮನೆಯ ಫೋನ್ ನಂಬರು. ನಾನು ಒಂದು ಚಿತ್ರವನ್ನೂ ತೆರೆಯಲಿಲ್ಲ, ಹೆಸರುಗಳೇ ಸಾಕಾಗಿದ್ದವು. ತಾಯಿಮಗಳಿಗೆ ಚಹಾ ಕುಡಿದು ಬರಲು ಹೇಳಿ, ಬಸಣ್ಣನವರನ್ನು ಕರೆದು ಪರದೆಯ ಮುಂದೆ ಕೂರಿಸಿದೆ.

ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. “ಇವು ನಮ್ಮ ಮಂದಿ ಹುಡುಗೀರ ಹೆಸರು… ಇದು ಹುಲಿಗೆಮ್ಮ…” ನನ್ನ ಕಡೆ ತಿರುಗಿದರು. “ಯಾವಾಗಿನವ್ರಿ ಇವು?”

“ವ್ಯಾಳ್ಯಾ ನೋಡ್ರಿ. ಎಲ್ಲಾ ನೀವು ಊಟಕ್ಕ ಹೋದಾಗಿನವು. ಗೌತಮಿ ಬೀಗ ಹಾಕಿದ ದಿನದಿಂದ ಒಂದೂ ಇಲ್ಲ.”

ಬಸಣ್ಣನವರು ಕನ್ನಡಕ ತೆಗೆದರು. ಅಂಗಡಿಗೆ ಗಿರಾಕಿ ಬಂದು ಬೆಲ್ಲ ಕೇಳಿದ. ಅವರಿಗೆ ಕೇಳಿಸಲಿಲ್ಲ. “ಅವ್ರೆಲ್ಲಾ ನನಗ ಕಾಕಾ ಅಂತಾರ್ರಿ” ಎಂದರು.

ನಾನು ಅವರನ್ನು ಸಂತೈಸಲಿಲ್ಲ. “ಇದು ಕಳವು ಬಸಣ್ಣಾರ. ಹೆಣ್ಣುಮಕ್ಕಳ ಮ್ಯಾಲಿನ ದೌರ್ಜನ್ಯ. ಮನಿ ಹುಡುಗ ಮಾಡಿದ್ರೂ ಅದಕ್ಕ ಅದ ಹೆಸರು. ಅದನ್ನ ತಡದಾಕಿನ್ನ ನೀವು ಹೊರಗ ಹಾಕೀರಿ.”

“ಆಕಿಗಿ ಫೋನ್ ಹಚ್ಚಲೇನ್ರಿ?”

“ಫೋನ್ ಬ್ಯಾಡ. ನೀವ ಹೋಗಬೇಕು.”

ಮರುದಿನ ಬೆಳಿಗ್ಗೆ ಅವರ ಕಾರಿನಲ್ಲಿ ಸಿಂಧನೂರು ದಾಟಿ ಜವಳಗೇರಾ ಕಡೆಗೆ ಹೋದೆವು. ಗೌತಮಿ ಅಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ, ಭತ್ತದ ಟ್ರ್ಯಾಕ್ಟರುಗಳನ್ನು ತೂಗುವ ಕಾಟಾದ ಕಂಪ್ಯೂಟರು ನೋಡಿಕೊಳ್ಳುತ್ತಿದ್ದಳು. ಸುಗ್ಗಿಯ ಕಾಲ, ಕಾಲುವೆಯ ದಂಡೆಯವರೆಗೆ ಗಾಡಿಗಳ ಸಾಲು. ಬಸಣ್ಣನವರು ಬಾಗಿಲಲ್ಲಿ ನಿಂತದ್ದನ್ನು ಕಂಡು ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

“ತೂಕ ಹಾಕ್ಸಾಕ ಬಂದೀರೇನ್ರಿ ಕಾಕಾ? ಗಾಡಿ ಸಾಲಿನ್ಯಾಗ ಹಚ್ಚರಿ.”

“ಗಾಡ್ಯಾಗ ಭತ್ತ ಇಲ್ಲವ್ವ. ನನ್ನ ತಪ್ಪೈತಿ.”

“ಅದನ್ನ ತೂಗಾಕ ಈ ಕಾಟಾ ಸಾಲೂದಿಲ್ರಿ.”

ಹೊರಗೆ ನಿಂತಿದ್ದ ಟ್ರ್ಯಾಕ್ಟರಿನವನು ನಕ್ಕುಬಿಟ್ಟ. ಬಸಣ್ಣನವರು ನಗಲಿಲ್ಲ. ಫೋಲ್ಡರಿನ ವಿಷಯವನ್ನು ಅವರೇ ಹೇಳಿದರು, ನನ್ನಿಂದ ಹೇಳಿಸಲಿಲ್ಲ. “ನೀ ಹೇಳಿದ್ದು ಖರೇ ಇತ್ತು. ನಾ ಕೇಳಲಿಲ್ಲ. ಹುಲಿಗೆಮ್ಮನ ಸೀಟು ಸಂಜಿಕ ಹೋಗತೈತಿ.”

ಗೌತಮಿ ಒಂದು ಗಾಡಿಯ ತೂಕ ಬರೆದು, ಚೀಟಿ ಹರಿದು ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದಳು.

“ಮೇಡಮ್ರ, ಪದ ಹೇಳೂದಿಲ್ಲ. ನಾನ ಬಂದು ಒತ್ತತೀನಿ. ಹುಲಿಗೆಮ್ಮನ ಸಲುವಾಗಿ, ಅಂಗಡಿ ಸಲುವಾಗಿ ಅಲ್ಲ. ಆದ್ರ ಬ್ರೌಸರಿನ ಬೀಗ ತೆರೆದ ಮ್ಯಾಲ ಎಲ್ಲಾರನ್ನೂ ಕರೀಬೇಕು. ಅವರವರ ಪಾಸ್‌ವರ್ಡು ಅವರವರ ಕೈಗಿ, ಅವರವರ ಫೋನ್ ನಂಬರು ಅವರವರ ಖಾತೆಗಿ. ಆ ಮ್ಯಾಲ ಅಲ್ಲಿಂದ ಎಲ್ಲಾ ಅಳಸಬೇಕು. ಫೋಟೋ ಯಾರ್ಯಾರವು ಅದಾವೋ ಅವರ ಮನ್ಯಾಗೂ ಹೇಳಬೇಕು. ಠಾಣೆಗಿ ಹೋಗೂದು ಬಿಡೂದು ಅವರಿಗಿ ಬಿಟ್ಟಿದ್ದು.”

“ಅವ ನನ್ನ ಅಣ್ಣನ ಮಗ ಗೌತಮಿ.”

“ಗೊತ್ತೈತ್ರಿ. ಅದಕ್ಕ ಹೇಳಾಕತ್ತೀನಿ.”

“ಚಾವಿ ಎಲ್ಲಾ ಮಂದಿ ಕೈಗಿ ಕೊಟ್ರ ನನ್ನ ಅಂಗಡಿಗಿ ಯಾರ ಬರ್ತಾರ?”

“ಇಷ್ಟ ದಿನ ನಿಮ್ಮ ಮ್ಯಾಲಿನ ನಂಬಿಕೀಲೆ ಬರಾಕತ್ತಿದ್ರೋ, ಚಾವಿ ನಿಮ್ಮ ಕಡೆ ಐತಂತ ಬರಾಕತ್ತಿದ್ರೋ, ಗೊತ್ತಾಗಲಿ ಬಿಡ್ರಿ.”

ಹಿಂದಿನ ಗಾಡಿಯವನು ಹಾರ್ನ್ ಹಾಕಿದ. ಬಸಣ್ಣನವರು ಒಮ್ಮೆ ಆ ಸಾಲನ್ನು, ಒಮ್ಮೆ ಅವಳನ್ನು ನೋಡಿದರು. “ಆತು” ಎಂದರು. ಗಿರಣಿಯ ಮುನೀಮರು ಸುಗ್ಗಿಯಲ್ಲಿ ರಜೆಯೇ ಎಂದು ಗೊಣಗಿದರೂ, ಕಾರಣ ಕೇಳಿ ಅವಳನ್ನು ಕಳಿಸಿಕೊಟ್ಟರು.

ಮಸ್ಕಿ ತಲುಪಿದಾಗ ಮಧ್ಯಾಹ್ನವಾಗಿತ್ತು. ಹುಲಿಗೆಮ್ಮ, ಯಂಕಮ್ಮ ಮುಂಚೆಯೇ ಬಂದು ಕಾಯುತ್ತಿದ್ದರು. ಚಹಾ ಬಂತು. ಗೌತಮಿ ಕೆಲಸಕ್ಕಿದ್ದಾಗ ಆ ಅಂಗಡಿಯಲ್ಲಿ ಎಲ್ಲರಿಗೂ ಗಾಜಿನ ಲೋಟ, ಅವಳೊಬ್ಬಳಿಗೆ ಕಾಗದದ ಕಪ್ಪು ಬರುತ್ತಿತ್ತು. ಅಸ್ಪೃಶ್ಯತೆ ಹೋಗಿದೆ ಎನ್ನುವವರು ಇಂಥ ಅಂಗಡಿಗಳ ಚಹಾ ನೋಡಬೇಕು. ಈ ದಿನ ಅವಳಿಗೂ ಗಾಜಿನ ಲೋಟ ಬಂತು.

“ಏನ್ ಕಾಕಾ, ಇದಕ್ಕೂ ಆನ್‌ಲೈನ್ ಅರ್ಜಿ ಹಾಕಬೇಕಾಗಿತ್ತೇನು?” ಎಂದಳು. ಬಸಣ್ಣನವರು ತಲೆ ತಗ್ಗಿಸಿದರು. ಅವಳು ಚಹಾ ಕುಡಿದಳು.

ಲಾಗಿನ್ ಪದವನ್ನು ಬದಲಿಸುವ ಪುಟ ತೆರೆದುಕೊಟ್ಟು ನಾನು ಮುಖ ತಿರುಗಿಸಿದೆ. ಹಳೆಯ ಪದವನ್ನು ಅವಳೇ ಒತ್ತಿದಳು. ಕಂಪ್ಯೂಟರನ್ನು ಮುಚ್ಚಿ ತೆರೆದೆವು. ಬ್ರೌಸರಿನ ಹಗೇವು ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದಳು. ಇಲ್ಲ.

“ಅದ ಐತ್ರಿ ಮೇಡಮ್ರ. ದಿನಾ ಒತ್ತತಿದ್ದೆ. ಮರಿಯೂದು ಹ್ಯಾಂಗ?”

ಹುಲಿಗೆಮ್ಮ ಗೋಡೆಯ ಗಡಿಯಾರ ನೋಡಿದಳು, ತಕ್ಷಣ ನೋಡಲಿಲ್ಲವೆಂಬಂತೆ ಕಣ್ಣು ತಿರುಗಿಸಿದಳು. ನಾನು ಗೌತಮಿಯ ಕೈಗಳನ್ನು ಗಮನಿಸಿದೆ. ಹೊಸ ಕೀಬೋರ್ಡಿನ ಮೇಲೆ ಅವು ಅಪರಿಚಿತರ ಮನೆಗೆ ಬಂದವರಂತಿದ್ದವು. “ಹಳೇ ಕೀಬೋರ್ಡು ಎಲ್ಲೈತ್ರಿ?” ಎಂದು ಬಸಣ್ಣನವರನ್ನು ಕೇಳಿದೆ.

ಬಸಣ್ಣನವರು ಒಮ್ಮೆಲೆ ಕೆಮ್ಮಿದರು. ಅಟ್ಟದಿಂದ ಕೀಬೋರ್ಡು ತಂದು ಮೇಜಿನ ಮೇಲಿಟ್ಟು, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು: “ಅದರಾಗ ಒಂದು ಗುಂಡಿ ಸತ್ತೈತ್ರಿ. ಮ್ಯಾಲಿನ ಸಾಲಿನ್ಯಾಗಿಂದು. ಆಯುಧ ಪೂಜಿ ದಿನ ಕಂಪ್ಯೂಟರಿಗೆ ಕಾಯಿ ಒಡದೆ, ನೀರು ಸೀದಾ ಅದರ ಮ್ಯಾಲ ಬಿತ್ತು. ಇಕಿ ಬೈತಾಳಂತ ಒರಸಿ ಸುಮ್ಮನ ಇಟ್ಟುಬಿಟ್ಟೆ.”

ಗಿಡುಗನಂತೆ ಎರಗಿದಳು ಗೌತಮಿ ಆ ಕೀಬೋರ್ಡಿನ ಮೇಲೆ. ತಂತಿ ಜೋಡಿಸಿ, ಖಾಲಿ ಪುಟದಲ್ಲಿ ಮೇಲಿನ ಸಾಲಿನ ಅಂಕಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು ಅಂಕಿ ಮೂಡಲೇ ಇಲ್ಲ. ಅರ್ಜಿ ತುಂಬುವವರೆಲ್ಲ ಬಲಬದಿಯ ಅಂಕಿಗಳ ಗುಂಪನ್ನು ಬಳಸುವುದರಿಂದ ಯಾರ ಗಮನಕ್ಕೂ ಅದು ಬಂದಿರಲಿಲ್ಲ. ಲಾಗಿನ್ ಪದವನ್ನು ಮಾತ್ರ ಅವಳು ಅಕ್ಷರಗಳ ಮೇಲಿದ್ದ ಬೆರಳುಗಳನ್ನು ಎತ್ತದೆ ಮೇಲಿನ ಸಾಲಿನಿಂದ ಒತ್ತುತ್ತಿದ್ದಳು. ಪರದೆಯಲ್ಲಿ ಬರೀ ಚುಕ್ಕಿಗಳು. ಒಂದು ಕಡಿಮೆಯಾದರೆ ಯಾರು ಎಣಿಸುತ್ತಾರೆ? ಹಬ್ಬದ ನಂತರ ಇಟ್ಟ ಆ ಪದದಲ್ಲಿ ಅವಳು ಒತ್ತಿದೆನೆಂದುಕೊಂಡ ಒಂದು ಅಂಕಿ ಎಂದೂ ಒಳಗೆ ಹೋಗಿರಲೇ ಇಲ್ಲ.

“ಪೂಜಿ ಮಾಡಿ ನನ್ನ ಪಾಸ್‌ವರ್ಡಿನಾಗಿನ ಅಂಕಿ ನುಂಗೀರಲ್ಲ ಕಾಕಾ!”

“ದೇವ್ರ ನುಂಗ್ಯಾನವ್ವ, ನಾ ಅಲ್ಲ” ಎಂದರು ಬಸಣ್ಣ. ಎಷ್ಟೋ ದಿನಗಳ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು.

ಹಳೆಯ ಕೀಬೋರ್ಡಿನಲ್ಲಿಯೇ, ಹಳೆಯ ರೀತಿಯಲ್ಲಿಯೇ ಅವಳು ಪದ ಒತ್ತಿದಳು. ಕಂಪ್ಯೂಟರು ಮುಚ್ಚಿ ತೆರೆಯಿತು. ಬ್ರೌಸರಿನಲ್ಲಿ ಊರಿಗೆ ಊರೇ ಸಾಲಾಗಿ ತೆರೆದುಕೊಂಡಿತು. ಗೌತಮಿ ಬೇರೆ ಹೆಸರುಗಳ ಮೇಲೆ ಕಣ್ಣು ನಿಲ್ಲಿಸದೆ ಹುಲಿಗೆಮ್ಮನ ಖಾತೆಗೆ ಹೋದಳು. ‘ಒಪ್ಪಿದ್ದೇನೆ’ ಎಂಬ ಗುಂಡಿಯನ್ನು ಹುಲಿಗೆಮ್ಮನಿಂದಲೇ ಒತ್ತಿಸಿದಳು. ಸೀಟು ಖಚಿತವಾಯಿತೆಂಬ ಸಾಲು ಮೂಡಿದಾಗ ಯಂಕಮ್ಮ ಪರದೆಗೇ ಕೈಮುಗಿದರು.

ಗೌತಮಿಯ ಷರತ್ತುಗಳಲ್ಲಿ ಒಂದೂ ತಪ್ಪಲಿಲ್ಲ. ಮುಂದಿನ ದಿನಗಳಲ್ಲಿ ಹಳ್ಳಿಹಳ್ಳಿಯಿಂದ ಜನ ಬಂದು ತಮ್ಮ ಪದಗಳನ್ನು ತಾವೇ ಇಟ್ಟುಕೊಂಡರು. ಮೂವರು ಹುಡುಗಿಯರು ತಾಯಂದಿರೊಂದಿಗೆ ಠಾಣೆಗೆ ಹೋಗಿ ದೂರು ಕೊಟ್ಟರು. ನನ್ನ ನಕಲು ಅಲ್ಲಿ ಸಾಕ್ಷಿಯಾಯಿತು. ಬಸಣ್ಣನವರು ಅಣ್ಣನ ಮನೆಯವರಿಂದ ಬೈಗುಳ ತಿಂದರೂ ಯಾರನ್ನೂ ತಡೆಯಲಿಲ್ಲ. ವಾಪಸು ಬಾ ಎಂದು ಅವರು ಕರೆದಾಗ ಗೌತಮಿ, “ಬರೂದಿಲ್ಲ ಕಾಕಾ. ಗಿರಣ್ಯಾಗ ನನ್ನ ಕುರ್ಚಿ ನಂದೈತಿ” ಎಂದಳು. ಅವರು ಒತ್ತಾಯ ಮಾಡಲಿಲ್ಲ. ಅಂಗಡಿಗೆ ಜನ ಬರುವುದೂ ನಿಲ್ಲಲಿಲ್ಲ.

ಆದರೆ ನನ್ನ ಮನಸ್ಸು ನಿಲ್ಲುವುದು ಆ ಮಧ್ಯಾಹ್ನದಲ್ಲೇ. ಸೀಟು ಖಚಿತವಾದ ಕೂಡಲೇ ಗೌತಮಿ ಎದ್ದು, ಹೊಸ ಕೀಬೋರ್ಡನ್ನು ಮತ್ತೆ ಜೋಡಿಸಿ, ತನ್ನ ಕುರ್ಚಿಯಲ್ಲಿ ಹುಲಿಗೆಮ್ಮನನ್ನು ಕೂರಿಸಿದಳು. “ಈಗ ನಿಂದು ನೀ ಇಡು. ನಿನಗ ಪ್ರೀತಿದು, ಮಂದಿಗಿ ಗೊತ್ತಾಗಲಾರದ್ದು. ನನಗೂ ಹೇಳಬ್ಯಾಡ” ಎಂದಳು. ಹುಲಿಗೆಮ್ಮ ಕೀಬೋರ್ಡನ್ನು ನೋಡುತ್ತ ಕುಳಿತಳು. ಯಂಕಮ್ಮ ಮಗಳ ಹೆಗಲ ಮೇಲಿಂದ ಇಣುಕಲು ಹೋಗಿ, ತಾವೇ ತಡೆದುಕೊಂಡು, ಬೇಳೆಯ ಡಬ್ಬಗಳ ಕಡೆ ತಿರುಗಿ ನಿಂತರು. ಗೌತಮಿ ಗೋಡೆಯ ಕ್ಯಾಲೆಂಡರು ಓದತೊಡಗಿದಳು. ನಾನು ಕಣ್ಣು ಮುಚ್ಚಿದೆ.

ಕಣ್ಣು ತೆರೆದಾಗ ಬಸಣ್ಣನವರು ಒಳಗೆ ಇರಲಿಲ್ಲ. ತಮ್ಮ ಅಂಗಡಿಗೆ ಬೆನ್ನು ಮಾಡಿ, ಬಿಸಿಲಿನಲ್ಲಿ ಹೊರಗಿನ ಮೆಟ್ಟಿಲ ಮೇಲೆ ನಿಂತಿದ್ದರು. ಯಾರೋ ಪರಿಚಿತ ಗಿರಾಕಿ ಒಳಗೆ ನುಗ್ಗಲು ಬಂದವನನ್ನು ತೋಳು ಅಡ್ಡ ಹಾಕಿ ನಿಲ್ಲಿಸಿದರು.

“ಯಾಕ್ರಿ ಬಸಣ್ಣ? ಅಂಗಡಿ ಬಂದ್ ಏನು?”

“ತೆರದೈತಪಾ” ಎಂದರು. “ಜರಾ ಹೊರಗ ನಿಂದ್ರು. ಒಳಗ ಹುಡುಗಿ ತನ್ನ ಪಾಸ್‌ವರ್ಡು ಹಾಕಾಕತ್ಯಾಳ.”